ಬನಿಯನ್ ತೊಟ್ಟ ಬಾಬಿನ್

ನಮ್ಮ ಬೆಕ್ಕಿನ ಮರಿ ಬಾಬಿನ್‌ಗೆ ಮಕ್ಕಳಾಗದ ಹಾಗೆ ಆಪರೇಷನ್ ಮಾಡಿಸುತ್ತೇನೆ ಅಂದಾಗ ನಮ್ಮ ಬೀದಿಯ ಹೆಂಗಸರು ಹೇಳಿದ್ದು ಹೆಚ್ಚುಕಮ್ಮಿ ಒಂದೇ ಮಾತು. "ಪಾಪ, ಒಂದು ಸಲನಾದ್ರೂ ಮರಿ ಹಾಕ್ಲಿ ಬಿಡ್ರೀ. ಅದಕ್ಕೂ ಆಸೆ ಇರಲ್ವಾ?" ಹೇಳಿದವರಲ್ಲಿ ಹೆಚ್ಚಿನವರು ನನ್ನ ಹತ್ತಿರ ಬ್ಲೌಸ್ ಹೊಲಿಸುವವರು. ಜಗಳ ಆಡುವ ಹಾಗಿಲ್ಲ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ತೋಳಿನ ಅಳತೆ ತೆಗೆಯುತ್ತಾ "ಹ್ಞೂಂ, ಹ್ಞೂಂ" ಅಂದೆ.

ಮರಿ ಹಾಕಿದರೆ ಏನಾಗುತ್ತದೆ ಅನ್ನುವುದು ನನಗೆ ಮಿಷನ್ ಮುಂದೆ ಕೂತಲ್ಲೇ ಕಾಣುತ್ತದೆ. ನಮ್ಮದು ಹನುಮಂತನಗರ, ರಾಮಾಂಜನೇಯ ಗುಡ್ಡಕ್ಕೆ ಹತ್ತಿರ. ಮನೆ ಪಕ್ಕದಲ್ಲಿ ಒಂದು ಖಾಲಿ ಸೈಟು. ಅಲ್ಲಿ ಬೂದು ಬಣ್ಣದ ಬೆಕ್ಕೊಂದು ಒಂದು ಸೂಲು ಮುಗಿಯುವಷ್ಟರಲ್ಲಿ ಇನ್ನೊಂದಕ್ಕೆ ಹೊಟ್ಟೆ ಹೊತ್ತಿರುತ್ತದೆ. ಮರಿಗಳು ಕೆಲವು ನಾಯಿ ಬಾಯಿಗೆ, ಕೆಲವು ಗಾಡಿ ಚಕ್ರಕ್ಕೆ. ಇನ್ನು ಕೆಲವು ಕಣ್ಣಲ್ಲಿ ಕೀವು ಕಟ್ಟಿಕೊಂಡು, ಮೂಗು ಸೋರಿಸಿಕೊಂಡು ಹಾಗೇ ಹೋಗುತ್ತವೆ. ಬಾಬಿನ್ ಅದರದೇ ಮರಿ. ಗೌರಿ ಹಬ್ಬದ ಹಿಂದೆಮುಂದೆ, ನನಗೆ ತಲೆ ತುರಿಸಿಕೊಳ್ಳಲೂ ಪುರುಸೊತ್ತಿಲ್ಲದಾಗ, ಮಳೆಯಲ್ಲಿ ತೊಯ್ದು ಒಳಗೆ ಬಂದು ಮಿಷನ್ನಿನ ಪೆಡಲ್ ಮೇಲೆ ಮಲಗಿತು. ಎಬ್ಬಿಸಿದರೆ ಮತ್ತೆ ಅಲ್ಲೇ ಬಂದು ಮಲಗಿತು. ಅಷ್ಟೇ, ಬೇರೆ ಕಥೆ ಏನಿಲ್ಲ.

ಡಾಕ್ಟರು ಹೇಳಿದ ಲೆಕ್ಕ ಕೇಳಿದ ಮೇಲಂತೂ ನನಗೆ ಅನುಮಾನವೇ ಉಳಿಯಲಿಲ್ಲ. ಹೆಣ್ಣು ಬೆಕ್ಕು ನಾಲ್ಕು ತಿಂಗಳಿಗೇ ಬಸಿರಾಗಬಹುದು. 63ರಿಂದ 65 ದಿನಕ್ಕೆ ಹೆರುತ್ತದೆ. ಮರಿಗಳು ಹಾಲು ಕುಡಿಯುತ್ತಿರುವಾಗಲೇ ಮತ್ತೆ ಬಸಿರಾಗಬಹುದು. ಗಂಡು ಸಿಗದಿದ್ದರೆ ಸುಮ್ನೆ ಇರುತ್ತದಾ ಅಂದರೆ ಅದೂ ಇಲ್ಲ, ಎರಡು ಮೂರು ವಾರಕ್ಕೊಮ್ಮೆ ಬೆದೆಗೆ ಬಂದು ರಾತ್ರಿಯಿಡೀ ಕೂಗುತ್ತದೆ. ಚಳಿ ದೇಶಗಳಲ್ಲಿ ಹಗಲು ಚಿಕ್ಕದಾಗುವ ತಿಂಗಳುಗಳಲ್ಲಿ ಇದು ನಿಲ್ಲುತ್ತದೆ. ಬೆಂಗಳೂರಲ್ಲಿ ಹಗಲಿನ ಉದ್ದ ವರ್ಷಪೂರ್ತಿ ಅಂಥದ್ದೇನೂ ಬದಲಾಗುವುದಿಲ್ಲ, ಹಾಗಾಗಿ ಇಲ್ಲಿನ ಬೆಕ್ಕಿಗೆ ರಜೆ ಕಡಿಮೆ. ಇನ್ನೊಂದು ವಿಷಯ ನನಗೆ ಗೊತ್ತೇ ಇರಲಿಲ್ಲ. ಆರು ತಿಂಗಳೊಳಗೆ ಈ ಆಪರೇಷನ್ ಆದ ಬೆಕ್ಕುಗಳಲ್ಲಿ ಮೊಲೆಯ ಕ್ಯಾನ್ಸರ್ ಅಪಾಯ ಶೇಕಡಾ 91ರಷ್ಟು ಕಡಿಮೆ ಅಂತ 2005ರಲ್ಲಿ ಬಂದ ಅಧ್ಯಯನ ಹೇಳುತ್ತದೆ. ಬೆಕ್ಕಿಗೆ ಮೊಲೆಯಲ್ಲಿ ಗಡ್ಡೆ ಬಂದರೆ ಹೆಚ್ಚಿನ ಪಾಲು ಕೆಟ್ಟ ಗಡ್ಡೆಯೇ ಆಗಿರುತ್ತದೆ. ಗರ್ಭಕೋಶವೇ ಇಲ್ಲದಿದ್ದರೆ ಅದರಲ್ಲಿ ಕೀವು ತುಂಬುವ ಕಾಯಿಲೆಯೂ ಇಲ್ಲ.

ಆಪರೇಷನ್ನಿಗೆ ಧನುರ್ಮಾಸವನ್ನೇ ಆರಿಸಿಕೊಂಡೆ. ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿಯವರೆಗೆ ಮದುವೆ ಇಲ್ಲ. ಮದುವೆ ಇಲ್ಲ ಅಂದರೆ "ಆಂಟಿ, ನಾಳೆ ಬೆಳಿಗ್ಗೆಗೆ ಬೇಕೇ ಬೇಕು" ಅನ್ನುವವರೂ ಇಲ್ಲ. ಮರಿಗೂ ಅಷ್ಟರಲ್ಲಿ ಐದು ತಿಂಗಳ ಹತ್ತಿರ ಆಗಿತ್ತು. ಎರಡು ಕೆ.ಜಿ. ತೂಗುತ್ತಿತ್ತು, ಲಸಿಕೆಗಳೂ ಆಗಿದ್ದವು. ಸರ್ಕಾರಿ ಆಸ್ಪತ್ರೆ ಬೇಕು ಅನ್ನುವವರಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿದೆ, ಕ್ವೀನ್ಸ್ ರಸ್ತೆಯಲ್ಲೂ ಪಶು ಆಸ್ಪತ್ರೆ ಇದೆ. ನಮ್ಮ ಮನೆಯಿಂದ ಹೆಬ್ಬಾಳ ಅಂದರೆ ಊರಿನ ಇನ್ನೊಂದು ತುದಿ. ಹೊಟ್ಟೆ ಹೊಲಿದ ಮರಿಯನ್ನು ಅಷ್ಟು ಹಂಪು ಹಾರಿಸಿಕೊಂಡು ತರುವುದು ಬೇಡ ಅನಿಸಿತು, ಜಯನಗರದ ಕಡೆಯ ಒಂದು ಕ್ಲಿನಿಕ್ಕಿಗೆ ಹೋದೆವು. ದರ ಕ್ಲಿನಿಕ್ಕಿಗೊಂದು. ರಕ್ತಪರೀಕ್ಷೆ, ನೋವಿನ ಔಷಧ, ಆಮೇಲಿನ ತಪಾಸಣೆ ಎಲ್ಲ ಸೇರಿದೆಯಾ ಅಂತ ಮೊದಲೇ ಕೇಳಿಕೊಳ್ಳಿ.

ಹೊಟ್ಟೆ ಖಾಲಿ ಇರಬೇಕು ಅನ್ನುತ್ತಾರಲ್ಲ, ಅದರಲ್ಲಿ ಒಂದು ಸೂಕ್ಷ್ಮ ಇದೆ. ಮತ್ತಿನಲ್ಲಿ ವಾಂತಿಯಾಗಿ ಅದು ಶ್ವಾಸಕೋಶಕ್ಕೆ ಇಳಿಯಬಾರದು, ಅದಕ್ಕೇ ಉಪವಾಸ. ಆದರೆ ಚಿಕ್ಕ ಮರಿಯನ್ನು ರಾತ್ರಿಯಿಡೀ ಉಪವಾಸ ಕೆಡವಿದರೆ ರಕ್ತದಲ್ಲಿ ಸಕ್ಕರೆ ಇಳಿದುಹೋಗುತ್ತದೆ. ನಮ್ಮ ಡಾಕ್ಟರು "ನಾಲ್ಕು ಗಂಟೆ ಸಾಕು, ನೀರು ತೆಗೆಯಬೇಡಿ" ಅಂದರು. ಧನುರ್ಮಾಸ ಆಗಿದ್ದು ಇಲ್ಲಿ ಅನುಕೂಲಕ್ಕೆ ಬಂತು. ಅತ್ತೆ ಹೇಗೂ ಕತ್ತಲಿರುವಾಗಲೇ ಎದ್ದು ತಲೆಗೆ ಶಾಲು ಸುತ್ತಿಕೊಂಡು ದೇವಸ್ಥಾನಕ್ಕೆ ಹೊರಡುತ್ತಾರೆ. ಆ ಹೊತ್ತಿಗೆ ಮರಿಗೂ ಸ್ವಲ್ಪ ತಿನ್ನಿಸಿ ಬಟ್ಟಲು ಎತ್ತಿಟ್ಟೆ. ಹುಗ್ಗಿ ಪ್ರಸಾದ ಮನೆಗೆ ಬಂದಾಗ ಅದರ ಮುಚ್ಚಳ ತೆಗೆಯಲು ನಾನು ಬಿಡಲಿಲ್ಲ. ತುಪ್ಪದ ಘಮಕ್ಕೆ ಮರಿ ಅಡುಗೆಮನೆ ಬಾಗಿಲಲ್ಲಿ ಕೂತು ಅಳುತ್ತಿತ್ತು, ಅತ್ತೆ ನನ್ನ ಮುಖ ನೋಡುತ್ತಿದ್ದರು.

ಸಂಜೆ ಕರೆದುಕೊಂಡು ಬರಲು ಹೋದಾಗ ಡಾಕ್ಟರು ಹೊಟ್ಟೆ ತೋರಿಸಿದರು. ಬೋಳಿಸಿದ ಗುಲಾಬಿ ಚರ್ಮ, ನಡುವೆ ಒಂದಿಂಚಿಗಿಂತ ಸ್ವಲ್ಪ ಉದ್ದದ ಗೆರೆ. ನಾನು ಹುಡುಕಿದ್ದು ಹೊಲಿಗೆಯನ್ನು. ಕಾಣಲೇ ಇಲ್ಲ. ರೇಷ್ಮೆ ಸೀರೆಗೆ ಫಾಲ್ ಹಾಕುವಾಗ ಮೇಲೆ ದಾರ ಕಾಣದ ಹಾಗೆ ಒಳಗೊಳಗೇ ಎಳೆ ಎತ್ತುತ್ತೇವಲ್ಲ, ಹಾಗೆ ಚರ್ಮದೊಳಗೇ ಹೊಲಿದು ಗಂಟನ್ನು ಒಳಕ್ಕೆ ಹೂತಿದ್ದರು. ಮೂವತ್ತು ದಾಟಿರದ ಹುಡುಗಿ, ಕೈ ಮಾತ್ರ ಬಹಳ ಹದ. "ಯಾವ ದಾರ ಡಾಕ್ಟ್ರೇ?" ಅಂದೆ. ಅವರಿಗೆ ನಗು ಬಂತು, ಖಾಲಿ ಪೊಟ್ಟಣ ತಂದು ತೋರಿಸಿದರು. ಪಾಲಿಗ್ಲಾಕ್ಟಿನ್ ಅಂತೆ, ನಂಬರು 3-0. ಮುಂದಿನ ಅಂಕಿ ದೊಡ್ಡದಾದಷ್ಟೂ ದಾರ ಸಣ್ಣ. ಅಂದರೆ 2-0 ದಪ್ಪ, 4-0 ಇನ್ನೂ ತೆಳು. ಬಿಚ್ಚಿಸಲು ಬರಬೇಕಿಲ್ಲ, 56ರಿಂದ 70 ದಿನದಲ್ಲಿ ಮೈಯ ನೀರಿನಂಶಕ್ಕೇ ಕರಗಿಹೋಗುತ್ತದೆ.

ಅವರು ಹೇಳಿದ ಇನ್ನೊಂದು ಮಾತು ಮುಂದಿನ ದಿನಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂತು. ಹೊಲಿಗೆ ಒಂದಲ್ಲ, ಮೂರು ಪದರ. ಎಲ್ಲಕ್ಕಿಂತ ಕೆಳಗೆ ಹೊಟ್ಟೆಯ ಗೋಡೆ, ಅದರ ಮೇಲೆ ಕೊಬ್ಬಿನ ಪದರ, ಆಮೇಲೆ ಚರ್ಮ. ಚರ್ಮ ಬೇಗ ಕೂಡಿಕೊಂಡು ಎಲ್ಲ ವಾಸಿಯಾದ ಹಾಗೆ ಕಾಣುತ್ತದೆ. ಕರುಳನ್ನು ಒಳಗೆ ಹಿಡಿದಿಟ್ಟಿರುವುದು ಕೆಳಗಿನ ಪದರ. ಅದು ಗಟ್ಟಿಯಾಗುವವರೆಗೆ, ಅಂದರೆ 10ರಿಂದ 14 ದಿನ, ನೆಗೆತ ಇಲ್ಲ, ಓಟ ಇಲ್ಲ, ಸ್ನಾನ ಇಲ್ಲ, ನೆಕ್ಕುವುದು ಇಲ್ಲ.

"ಬೆಕ್ಕಿಗೆ ಇದನ್ನೆಲ್ಲ ಯಾರು ಹೇಳ್ತಾರೆ?" ಅಂತ ನಮ್ಮವರು ಆಟೋದಲ್ಲಿ ಕೇಳಿದರು. ಸೌತ್ ಎಂಡ್ ಸರ್ಕಲ್ಲಿಂದ 50 ಅಡಿ ರಸ್ತೆವರೆಗೆ ಬುಟ್ಟಿಯನ್ನು ತೊಡೆ ಮೇಲೆ ಎತ್ತಿ ಹಿಡಿದುಕೊಂಡೇ ಕೂತಿದ್ದರು. ಪ್ರತಿ ಹಂಪಿಗೂ "ನಿಧಾನ ಗುರೂ" ಅಂತ ಡ್ರೈವರಿಗೆ ಹೇಳುತ್ತಿದ್ದರು. ಬೆಕ್ಕು ಅಂದರೆ ಆಗಲ್ಲ ಅನ್ನುವ ಮನುಷ್ಯ.

ಮೊದಲ ರಾತ್ರಿ ಹೆದರಿಕೆ ಆಗುತ್ತದೆ, ಮೊದಲೇ ಗೊತ್ತಿದ್ದರೆ ಒಳ್ಳೆಯದು. ಔಷಧದ ಅಮಲು ಪೂರ್ತಿ ಇಳಿದಿರುವುದಿಲ್ಲ. ಕಣ್ಣಿನ ಪಾಪೆ ಅಗಲವಾಗಿ ಬರೀ ಕಪ್ಪು, ಮೂಲೆಯಿಂದ ಬಿಳಿ ಪೊರೆ ಅರ್ಧ ಮುಚ್ಚಿಕೊಂಡಿರುತ್ತದೆ. ಅದು ಬೆಕ್ಕಿನ ಮೂರನೇ ರೆಪ್ಪೆ, ಅಮಲು ಇಳಿದ ಮೇಲೆ ಹಿಂದೆ ಸರಿಯುತ್ತದೆ. ಹಿಂಗಾಲು ಎಳೆದುಕೊಂಡು ನಡೆಯುತ್ತದೆ. ದಿನಾ ಅಪ್ಪಿಕೊಂಡು ಮಲಗುವ ನನ್ನ ಮಗಳಿಗೇ ಬುಸ್ ಅಂತು. ಅವಳು ಅತ್ತಳು. ಎತ್ತಿಕೊಳ್ಳಬೇಡಿ, ಎತ್ತರದ ಜಾಗದಲ್ಲಿ ಬಿಡಬೇಡಿ, ದೀಪ ಕಡಿಮೆ ಮಾಡಿ, ಟಿ.ವಿ. ಆರಿಸಿ. ಕೈಲಾದಷ್ಟು ದೂರ ಕೂತು ನೋಡುತ್ತಿರಿ.

ಚಳಿ ಬೇರೆ. ಡಿಸೆಂಬರಿನಲ್ಲಿ ನಮ್ಮ ಕಡೆ ರಾತ್ರಿ 15–16 ಡಿಗ್ರಿಗೆ ಇಳಿಯುತ್ತದೆ, ಮೊಸಾಯಿಕ್ ನೆಲ ಕಾಲಿಡಲಾರದಷ್ಟು ತಣ್ಣಗಿರುತ್ತದೆ. ಮತ್ತಿನ ಔಷಧಕ್ಕೆ ಮೈ ಬಿಸಿ ಇಳಿಯುತ್ತದೆ. ಎರಡು ಕೆ.ಜಿ.ಯ ಜೀವಕ್ಕೆ, ಅದೂ ಹೊಟ್ಟೆ ಕೂದಲು ಬೋಳಿಸಿದ್ದಕ್ಕೆ, ಬಿಸಿ ಹಿಡಿದಿಟ್ಟುಕೊಳ್ಳುವುದು ಕಷ್ಟ. ಬಿಸಿನೀರಿನ ಬ್ಯಾಗನ್ನು ದಪ್ಪ ಟವೆಲಿನಲ್ಲಿ ಸುತ್ತಿ ಹಾಸಿಗೆಯ ಒಂದು ಬದಿಗೆ ಮಾತ್ರ ಇಟ್ಟೆ. ಜಾಸ್ತಿ ಬಿಸಿ ಅನಿಸಿದರೆ ಅದೇ ಸರಿದುಕೊಳ್ಳಬೇಕಲ್ಲ, ಇನ್ನೊಂದು ಬದಿ ತಣ್ಣಗಿರಬೇಕು.

ರಾತ್ರಿ ಊಟ ದಿನದ ಕಾಲು ಭಾಗ ಸಾಕು ಅಂದಿದ್ದರು. ಇಲ್ಲಿಂದ ಶುರುವಾಯಿತು ನಮ್ಮ ಅತ್ತೆಯ ಹೋರಾಟ.

"ಬಾಣಂತಿಗಿಂತ ಕಡೆ ಆಗಿದೆ ಕಣೇ ಅದು. ಒಂದು ಲೋಟ ಬಿಸಿ ಹಾಲು ಕೊಡು."

"ಅತ್ತೆ, ಹಾಲು ಬೇಡವಂತೆ. ಭೇದಿ ಆಗುತ್ತೆ."

"ಬೆಕ್ಕಿಗೆ ಹಾಲು ಬೇಡವಾ? ಯಾವ ಊರಿನ ಡಾಕ್ಟರು ಅವಳು?"

ತಾಯಿ ಹಾಲು ಬಿಟ್ಟ ಮೇಲೆ ಹೆಚ್ಚಿನ ಬೆಕ್ಕುಗಳಿಗೆ ಹಾಲಿನ ಸಕ್ಕರೆ ಸರಿಯಾಗಿ ಜೀರ್ಣವಾಗುವುದಿಲ್ಲ. ಬೇರೆ ದಿನ ಆಗಿದ್ದರೆ ಒಂದು ಸಲ ಹೊಟ್ಟೆ ಕೆಟ್ಟು ಸರಿಹೋಗುತ್ತಿತ್ತು. ಹೊಲಿಗೆ ಹಾಕಿದ ಹೊಟ್ಟೆ ಹಿಂಡಿಕೊಂಡು ಭೇದಿ ಮಾಡುವುದು ಬೇಡ. ನಮ್ಮ ಮನೆಯಲ್ಲಿ ಮಾಂಸ ಬೇಯಿಸುವುದಿಲ್ಲ, ಅದಕ್ಕೆ ಬಾಬಿನ್ ಬಂದಾಗಿನಿಂದ ಅಂಗಡಿಯ ಪೊಟ್ಟಣದ ಊಟ, ಅದೂ ಹಿತ್ತಿಲ ಬಾಗಿಲ ಹತ್ತಿರ. ಮೊಸರನ್ನದಲ್ಲೇ ಬೆಕ್ಕು ಸಾಕುತ್ತೇವೆ ಅನ್ನುವವರು ಇದ್ದಾರೆ. ಟಾರಿನ್ ಅನ್ನುವ ಅಂಶ ಬೆಕ್ಕಿಗೆ ಬೇಕೇ ಬೇಕು, ಅದು ಮಾಂಸ, ಮೀನಿನಲ್ಲಿರುತ್ತದೆ, ಪೊಟ್ಟಣದ ಊಟಕ್ಕೆ ಬೆರೆಸಿರುತ್ತಾರೆ. ಸಿಗದಿದ್ದರೆ ಕಣ್ಣು, ಹೃದಯ ಎರಡೂ ಹೋಗುತ್ತವೆ. ಆ ರಾತ್ರಿ ಒಂದು ದೊಡ್ಡ ಚಮಚದಷ್ಟು ತಿಂದಿತು, ವಾಂತಿ ಆಗಲಿಲ್ಲ. ಅತ್ತೆ ಹಾಲಿನ ಲೋಟ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು, ಕೊನೆಗೆ ಅವರೇ ಕುಡಿದರು.

ಮಾರನೇ ದಿನ ಅರಿಶಿನ ಬಂತು. ಅತ್ತೆಯ ತವರು ತುರುವೇಕೆರೆ ಕಡೆ, ಹಸು ಎಮ್ಮೆ ನೋಡಿಕೊಂಡು ಬೆಳೆದವರು. ಗಾಯ ಅಂದರೆ ಅರಿಶಿನ, ಕೊಬ್ಬರಿ ಎಣ್ಣೆ. ಅವರ ಅನುಭವವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಇದು ಬಾಯಿಬಿಟ್ಟ ಗಾಯ ಅಲ್ಲ, ಮುಚ್ಚಿ ಹೊಲಿದದ್ದು. ಅದಕ್ಕೆ ಏನೂ ಹಚ್ಚಬೇಕಿಲ್ಲ. ಹಚ್ಚಿದ್ದೆಲ್ಲ ಬೆಕ್ಕಿನ ನಾಲಿಗೆಯನ್ನು ಅಲ್ಲಿಗೆ ಕರೆಯುತ್ತದೆ. ಎಣ್ಣೆ ಇದ್ದರೆ ಕೇಳುವುದೇ ಬೇಡ. ಡೆಟಾಲ್ ಅಂತೂ ಮುಟ್ಟಲೇಬಾರದು. ನೆಲ ಒರೆಸುವ ಫಿನಾಯಿಲನ್ನೂ ಅಷ್ಟೂ ದಿನ ಬಚ್ಚಲಲ್ಲೇ ಇಟ್ಟೆ, ಬರೀ ನೀರಲ್ಲಿ ಒರೆಸಿದೆ. ಫಿನಾಲ್ ಜಾತಿಯ ವಸ್ತುಗಳನ್ನು ಮುರಿದು ಹೊರಹಾಕುವ ಶಕ್ತಿ ಬೆಕ್ಕಿನ ಲಿವರ್‌ಗೆ ಬಹಳ ಕಡಿಮೆ. ಒರೆಸಿದ ನೆಲದ ಮೇಲೆ ನಡೆದು ಪಾದ ನೆಕ್ಕಿಕೊಂಡರೆ ಅದು ಹೊಟ್ಟೆಗೇ ಹೋಗುತ್ತದೆ.

ಇದೇ ಲಿವರಿನ ಕಾರಣಕ್ಕೆ ಇನ್ನೊಂದು ಮಾತು, ಇದನ್ನು ದಯವಿಟ್ಟು ಮನೆಯವರಿಗೆಲ್ಲ ಓದಿ ಹೇಳಿ. ಎದುರುಮನೆಯವರು ಒಳ್ಳೆ ಮನಸ್ಸಿನಿಂದ "ನೋವಿದ್ರೆ ಕಾಲು ಡೋಲೋ ಕೊಡಿ, ನಮ್ಮ ಮಗೂಗೂ ಅದೇ ಕೊಡ್ತೀವಿ" ಅಂದರು. ಡೋಲೋ ಅಂದರೆ ಪ್ಯಾರಾಸಿಟಮಾಲ್, ಅದು ಬೆಕ್ಕಿಗೆ ವಿಷ. ಒಂದು ಮಾತ್ರೆಯ ತುಣುಕೂ ಕೊಲ್ಲಬಹುದು. ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಂಡು ಒಸಡು ಕಂದುಬಣ್ಣಕ್ಕೆ ತಿರುಗುತ್ತದೆ. ಐಬುಪ್ರೊಫೆನ್ ಕೂಡ ಬೇಡ. ಡಾಕ್ಟರು ಕೊಟ್ಟ ಔಷಧ, ಅವರು ಸಿರಿಂಜಿನ ಮೇಲೆ ಪೆನ್ನಲ್ಲಿ ಗೆರೆ ಎಳೆದು ಕೊಟ್ಟಷ್ಟೇ. ನಮಗೆ ಬರೆದಿದ್ದು ಮೆಲಾಕ್ಸಿಕ್ಯಾಮ್ ದ್ರವ, ಊಟದ ಜೊತೆ ಕೆನ್ನೆಯ ಬದಿಯಿಂದ ಬಿಡುವುದು. ಇದು ನಾಯಿಗೂ ಸಿಗುತ್ತದೆ, ಬೆಕ್ಕಿಗೂ ಸಿಗುತ್ತದೆ. ನಾಯಿಯ ಬಾಟಲಿಯಲ್ಲಿ ಒಂದು ಎಂ.ಎಲ್.ಗೆ 1.5 ಮಿ.ಗ್ರಾಂ, ಬೆಕ್ಕಿನದರಲ್ಲಿ 0.5 ಇರುತ್ತದೆ. ಮನೆಯಲ್ಲಿ ನಾಯಿಯದು ಇದೆ ಅಂತ ಅದನ್ನೇ ಅಷ್ಟೇ ಅಳತೆಗೆ ಬಿಟ್ಟರೆ ಮೂರು ಪಟ್ಟು ಹೋಯಿತು.

ಒಟ್ಟಿನಲ್ಲಿ ನನಗೆ ಅನಿಸಿದ್ದು ಇಷ್ಟು. ಮರಿಯನ್ನು ನೋಡಿಕೊಳ್ಳುವುದಕ್ಕಿಂತ ಅದರ ಮೇಲೆ ಪ್ರೀತಿ ಇರುವವರನ್ನು ಸುಮ್ಮನಿರಿಸುವುದೇ ದೊಡ್ಡ ಕೆಲಸ. ಎಲ್ಲರ ಕೈಯೂ ಏನಾದರೂ ಮಾಡಲು ತುಡಿಯುತ್ತದೆ. ಒಬ್ಬರಿಗೆ ಹಾಲು, ಒಬ್ಬರಿಗೆ ಅರಿಶಿನ, ಒಬ್ಬರಿಗೆ ಮಾತ್ರೆ. ಮಗಳಿಗೆ ಎತ್ತಿ ಮುದ್ದಾಡಬೇಕು. ಏನೂ ಮಾಡದೆ ಇರಿ ಅಂದರೆ ಯಾರಿಗೂ ಆಗುವುದಿಲ್ಲ.

ನನಗೂ ಆಗಲಿಲ್ಲ. ಆದರೆ ನನ್ನ ಕೈಗೆ ಒಂದು ಕೆಲಸ ಸಿಕ್ಕಿತು.

ಕ್ಲಿನಿಕ್ಕಿನವರು ಕೊರಳಿಗೆ ಪ್ಲಾಸ್ಟಿಕ್ ಕೋನ್ ಹಾಕಿ ಕಳಿಸಿದ್ದರು. ಅದು ಮೂಗಿನ ತುದಿಗಿಂತ ಮುಂದಕ್ಕೆ ಚಾಚಿರಬೇಕು, ಇಲ್ಲದಿದ್ದರೆ ನಾಲಿಗೆ ಗಾಯ ಮುಟ್ಟುತ್ತದೆ. ಬೆಕ್ಕಿನ ನಾಲಿಗೆ ತುಂಬ ಹಿಂದಕ್ಕೆ ಬಾಗಿದ ಮುಳ್ಳು, ಸ್ವಲ್ಪ ಹೊತ್ತು ಬಿಟ್ಟರೆ ಹೊಲಿಗೆ ಬಿಚ್ಚಿಹಾಕುತ್ತದೆ. ಬಾಬಿನ್‌ಗೆ ಕೋನ್ ಹಾಕಿದ ಕೂಡಲೇ ಹಿಂದೆ ಹಿಂದೆ ನಡೆಯಲು ಶುರು ಮಾಡಿತು. ಬಾಗಿಲ ಚೌಕಟ್ಟಿಗೆ ಸಿಕ್ಕಿಕೊಂಡಿತು, ನೀರಿನ ಬಟ್ಟಲು ಮಗುಚಿತು. ಡಾಕ್ಟರಿಗೆ ಫೋನ್ ಮಾಡಿ "ಅಂಗಿ ಹೊಲಿದು ಹಾಕಲಾ?" ಅಂತ ಕೇಳಿದೆ. "ಹೊಲಿಯಿರಿ, ಹಾಕಿದ ಮೇಲೆ ಫೋಟೋ ಕಳಿಸಿ. ಅಲ್ಲಿವರೆಗೂ ಕೋನ್ ತೆಗೆಯಬೇಡಿ" ಅಂದರು.

ಬಟ್ಟೆಗೆ ನಮ್ಮವರ ಹಳೇ ಬನಿಯನ್. ಹೊಸದು ಬೇಡ. ಒಗೆದು ಒಗೆದು ಮೆತ್ತಗಾಗಿರಬೇಕು, ಆದರೆ ರಿಬ್ಬಿನ ಜಗ್ಗು ಇನ್ನೂ ಇರಬೇಕು. ಅಳತೆ ನಾಲ್ಕು: ಕೊರಳ ಸುತ್ತ, ಮುಂಗಾಲ ಹಿಂದೆ ಎದೆ ಸುತ್ತ, ಹೆಗಲಿಂದ ಬಾಲದ ಬುಡದವರೆಗೆ, ಹೊಟ್ಟೆಯ ಕೆಳಗೆ ಮುಂಗಾಲಿಂದ ಹಿಂಗಾಲಿಗೆ. ಬಾಬಿನ್‌ಗೆ ಕೊರಳು ಏಳೂವರೆ, ಎದೆ ಹನ್ನೊಂದು, ಬೆನ್ನು ಹತ್ತೂವರೆ ಇಂಚು. ಟೇಪು ಕಂಡರೆ ಆಡುವ ಪ್ರಾಣಿ, ಆ ದಿನ ಮಾತ್ರ ಮಂಕಾಗಿ ಅಳತೆ ಕೊಟ್ಟಿತು. ಎಷ್ಟೋ ಗಿರಾಕಿಗಳಿಗಿಂತ ವಾಸಿ, ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆ ಎಳೆದುಕೊಳ್ಳಲಿಲ್ಲ.

ಬನಿಯನ್ ಬಟ್ಟೆಯ ಜಗ್ಗು ಅಡ್ಡಕ್ಕೆ ಜಾಸ್ತಿ. ಆ ಜಗ್ಗು ಎದೆ ಸುತ್ತಲೂ ಬರುವ ಹಾಗೆ ಕತ್ತರಿಸಬೇಕು, ಉದ್ದಕ್ಕೆ ಬಂದರೆ ಅಂಗಿ ಬೆನ್ನ ಮೇಲೆ ಮುದುಡಿಕೊಳ್ಳುತ್ತದೆ. ನಾಲ್ಕು ಕಾಲಿಗೆ ನಾಲ್ಕು ತೂತು. ಮುಂಗಾಲಿನದು ಕಂಕುಳಲ್ಲಿ ಉಜ್ಜದ ಹಾಗೆ ಸ್ವಲ್ಪ ಸಡಿಲ. ಹಿಂಗಾಲಿನ ಹತ್ತಿರ ಹೊಟ್ಟೆ ಮುಚ್ಚಬೇಕು, ಬಾಲದ ಕೆಳಗೆ ಪೂರ್ತಿ ತೆರೆದಿರಬೇಕು. ಅಲ್ಲಿ ಅರ್ಧ ಇಂಚು ಜಾಸ್ತಿ ಬಿಟ್ಟರೂ ಉಚ್ಚೆ ತಾಗಿ ಒದ್ದೆಯಾಗುತ್ತದೆ, ಒದ್ದೆ ಬಟ್ಟೆ ಗಾಯದ ಮೇಲೆ ಇರಬಾರದು. ಎಲಾಸ್ಟಿಕ್ ಬೇಡ. ಹುಕ್ಕು, ಗುಂಡಿ ಯಾವುದೂ ಬೇಡ, ಕಚ್ಚಿ ಕಿತ್ತು ನುಂಗುತ್ತದೆ. ಬೆನ್ನ ಮೇಲೆ ಅದೇ ಬಟ್ಟೆಯ ಲಾಡಿ, ಕಟ್ಟಿದ ಮೇಲೆ ತುದಿಗಳನ್ನು ಒಳಗೆ ಸಿಕ್ಕಿಸಬೇಕು. ಹೊಲಿಗೆಯ ಮಡಿಕೆ ಹೊರಗೆ ಬರಲಿ, ನಯವಾದ ಭಾಗ ಚರ್ಮಕ್ಕೆ. ನೋಡಲು ಚೆನ್ನಾಗಿರುವುದಿಲ್ಲ. ತಿರುವು ಮುರುವು ಅಂಗಿ ಹಾಕಿದ್ದೀರಲ್ಲ ಅಂತ ಬಂದವರೆಲ್ಲ ಹೇಳಿದರು. ಕಟ್ಟಿದ ಮೇಲೆ ಬಟ್ಟೆಯ ಕೆಳಗೆ ಎರಡು ಬೆರಳು ಆಡಬೇಕು, ಅದಕ್ಕಿಂತ ಬಿಗಿ ಇದ್ದರೆ ಉಸಿರಿಗೆ ಕಷ್ಟ, ಸಡಿಲ ಇದ್ದರೆ ಕಾಲು ಸಿಕ್ಕಿಕೊಳ್ಳುತ್ತದೆ.

ಹಾಕಿದ ತಕ್ಷಣ ಬಾಬಿನ್ ಧೊಪ್ ಅಂತ ಪಕ್ಕಕ್ಕೆ ಬಿತ್ತು. ಕಣ್ಣು ಬಿಟ್ಟುಕೊಂಡೇ ಮಲಗಿತ್ತು, ಮಿಸುಕಲಿಲ್ಲ. ಮಗಳು "ಅಮ್ಮಾ, ಏನೋ ಆಗಿದೆ" ಅಂತ ಕಿರುಚಿದಳು. ಏನೂ ಆಗಿಲ್ಲ. ಮೈಮೇಲೆ ಬಟ್ಟೆ ಬಿದ್ದರೆ ಎಷ್ಟೋ ಬೆಕ್ಕುಗಳು ಹೀಗೇ ಮಾಡುತ್ತವೆ. ಊಟದ ಪೊಟ್ಟಣ ಹರಿದ ಸದ್ದು ಕೇಳಿಸಿದ ಮೇಲೆ ಎದ್ದಿತು. ಡಾಕ್ಟರು ಫೋಟೋ ನೋಡಿ ಸರಿ ಅಂದರು, ಕೋನ್ ತೆಗೆದೆ. ಎರಡು ಅಂಗಿ ಹೊಲಿದಿದ್ದೆ, ಒಂದು ಮೈಮೇಲೆ ಒಂದು ಒಣಗುವ ಹಗ್ಗದ ಮೇಲೆ. ಮಹಡಿಯಲ್ಲಿ ನಮ್ಮ ಬಟ್ಟೆಗಳ ನಡುವೆ ನಾಲ್ಕು ತೋಳಿನ ಪುಟ್ಟ ಬನಿಯನ್ ನೇತಾಡುವುದನ್ನು ನೋಡಿ ಹಿಂದಿನ ಮನೆಯವರು, ಮಗಳಿಗೆ ಇನ್ನೂ ಮದುವೆ ಆಗದ ನಮ್ಮ ಮನೆಯಲ್ಲಿ ಯಾರಿಗೆ ಮಗು ಅಂತ ವಿಚಾರಿಸಿದರಂತೆ!

ಅಂಗಿಗೆ ಒಂದು ತೊಂದರೆ ಇದೆ. ಗಾಯ ಕಾಣುವುದಿಲ್ಲ. ಹಾಗಾಗಿ ಬೆಳಿಗ್ಗೆ ಸಂಜೆ ಲಾಡಿ ಬಿಚ್ಚಿ ನೋಡಲೇಬೇಕು. ನಾನು ಪಕ್ಕದಲ್ಲಿ ಟೇಪು ಹಿಡಿದು ಫೋಟೋ ತೆಗೆದಿಡುತ್ತಿದ್ದೆ. ನೆನಪಿನಲ್ಲಿ ಊತ ದೊಡ್ಡದೂ ಆಗುತ್ತದೆ ಚಿಕ್ಕದೂ ಆಗುತ್ತದೆ, ಟೇಪಿನ ಮುಂದೆ ಆಗುವುದಿಲ್ಲ. ಒಂದು ಬೆಳಿಗ್ಗೆ ಗೆರೆಯ ಕೆಳಗೆ ಅವರೆಕಾಳಿನಷ್ಟು ಗಂಟು ಕೈಗೆ ಸಿಕ್ಕಿತು. ನನ್ನ ಎದೆ ಧಸಕ್ ಅಂತು. ಡಾಕ್ಟರು ಫೋಟೋ ತರಿಸಿಕೊಂಡು, ಕೆಂಪಿದೆಯಾ, ಬಿಸಿ ಇದೆಯಾ, ಒಸರುತ್ತಿದೆಯಾ, ಊಟ ಮಾಡುತ್ತಿದೆಯಾ ಅಂತ ಕೇಳಿದರು. ಯಾವುದೂ ಇರಲಿಲ್ಲ, ಊಟ ಎಂದಿನಂತೆ. ಕರಗುವ ದಾರಕ್ಕೆ ಮೈ ಹೀಗೆ ಗಂಟು ಕಟ್ಟುವುದು ಮರಿಗಳಲ್ಲಿ ಇದೆ, ತಾನಾಗಿ ಇಳಿಯುತ್ತದೆ ಅಂದರು. ಇಳಿಯಿತು. ಆದರೆ ಗಂಟು ಮೆತ್ತಗಿದ್ದು ದಿನದಿನಕ್ಕೆ ದೊಡ್ಡದಾದರೆ, ಗಾಯ ಬಾಯಿ ಬಿಟ್ಟರೆ, ಕೀವು ಅಥವಾ ಕೆಟ್ಟ ವಾಸನೆ ಬಂದರೆ, ಒಸಡು ಬಿಳಿಚಿಕೊಂಡರೆ, ಒಂದಿಡೀ ದಿನ ಊಟ ಬಿಟ್ಟರೆ ಫೋಟೋ ಕಳಿಸುತ್ತಾ ಕೂರಬೇಡಿ. ಆಟೋ ಹತ್ತಿ.

ಇನ್ನು ಟೈಲರ್ ಮನೆಯ ದೊಡ್ಡ ಭಯ ದಾರ. ಬಾಬಿನ್ ಅಂತ ಹೆಸರಿಟ್ಟಿದ್ದೇ ಅದು ಮಿಷನ್ನಿನ ಬಾಬಿನ್, ಅಂದರೆ ದಾರ ಸುತ್ತುವ ಪುಟ್ಟ ಉರುಳೆ, ಉರುಳಿಸಿಕೊಂಡು ಹೋಗುತ್ತಿದ್ದುದಕ್ಕೆ. ಬೆಕ್ಕಿನ ನಾಲಿಗೆಯ ಮುಳ್ಳು ಹಿಂದಕ್ಕೆ ಇರುವುದರಿಂದ ದಾರ ಬಾಯಿಗೆ ಹೋದರೆ ಉಗುಳಲು ಬರುವುದಿಲ್ಲ, ನುಂಗುತ್ತಲೇ ಹೋಗುತ್ತದೆ. ಒಂದು ತುದಿ ನಾಲಿಗೆಯ ಬುಡಕ್ಕೆ ಸುತ್ತಿಕೊಂಡು ಇನ್ನೊಂದು ಕರುಳಿಗೆ ಇಳಿದರೆ, ಕರುಳು ನೆರಿಗೆ ಕಟ್ಟಿ ದಾರ ಅದನ್ನು ಕೊಯ್ಯುತ್ತದೆ. ಬಾಯಿಂದಲೋ ಹಿಂದಿನಿಂದಲೋ ದಾರದ ತುದಿ ಕಂಡರೆ ಯಾವ ಕಾರಣಕ್ಕೂ ಎಳೆಯಬಾರದು, ಹಾಗೇ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಒಂದು ಆಪರೇಷನ್ ಆದ ಹೊಟ್ಟೆಯನ್ನು ಮತ್ತೆ ತೆರೆಯುವ ಹಾಗೆ ಆಗುವುದು ಬೇಡ ಅಂತ ಬಾಬಿನ್‌ನ ವಾಸ ಮಗಳ ಕೋಣೆಗೆ ಹೋಯಿತು.

ಆ ಕೋಣೆಯಲ್ಲಿ ಹಾಸಿಗೆ ನೆಲಕ್ಕೆ ಇಳಿಯಿತು. ಕುರ್ಚಿ ಆಚೆ ಹೋಯಿತು, ಕಿಟಕಿ ಕಟ್ಟೆಗೆ ಪುಸ್ತಕ ಜೋಡಿಸಿಟ್ಟೆವು. ಸಜ್ಜೆಗೆ ನೆಗೆಯಲು ಮೆಟ್ಟಿಲಾಗುವಂಥದ್ದು ಏನೂ ಉಳಿಯಲಿಲ್ಲ. ಕಕ್ಕಸಿನ ಟ್ರೇಯಲ್ಲಿ ಮಾಮೂಲಿ ಮಣ್ಣಿನ ಹರಳು ತೆಗೆದು ಪ್ರಜಾವಾಣಿ ಹರಿದು ಹಾಕಿದೆ, ಹರಳಿನ ಧೂಳು ಗಾಯಕ್ಕೆ ಅಂಟುತ್ತದೆ. ಉಚ್ಚೆ ಮೊದಲ ದಿನದೊಳಗೆ ಆಗಬೇಕು. ಕಕ್ಕ ಒಂದೆರಡು ದಿನ ತಡವಾದರೆ ಹೆದರಬೇಕಿಲ್ಲ.

ನಿಜವಾದ ಕಷ್ಟ ಮರಿ ಹುಷಾರಾದ ಮೇಲೆ. ಒಂದೆರಡು ದಿನ ಮಲಗಿತ್ತು, ಆಮೇಲೆ ಒಂದು ಮುಸ್ಸಂಜೆ ಕಿವಿ ಹಿಂದಕ್ಕೆ ಮಾಡಿಕೊಂಡು, ಬಾಲ ದಪ್ಪ ಮಾಡಿಕೊಂಡು ಕೋಣೆ ಸುತ್ತ ಓಡಲು ನೋಡಿತು. ಅದಕ್ಕೆ ನೋವಿಲ್ಲ, ಹೊಟ್ಟೆಯ ಗೋಡೆ ಇನ್ನೂ ಹಸಿ ಅನ್ನುವುದು ಅದಕ್ಕೆ ಹೇಗೆ ಗೊತ್ತಾಗಬೇಕು? ಹಿಡಿದು ಕೂರಿಸಿದರೆ ಕೊಸರಾಡುತ್ತದೆ, ಅದೂ ಹೊಟ್ಟೆಗೆ ಕೆಟ್ಟದ್ದೇ. ಮಗಳೇ ಉಪಾಯ ಕಂಡುಹಿಡಿದಳು. ಖಾಲಿ ಮೊಟ್ಟೆ ಟ್ರೇ ಎಲ್ಲಿಂದಲೋ ತಂದಳು. ನಮ್ಮ ಮನೆಗೆ ಮೊಟ್ಟೆ ಟ್ರೇ ಬಂದಿದ್ದು ಅದೇ ಮೊದಲು, ಅತ್ತೆಗೆ ಹೇಳಲಿಲ್ಲ. ಅದರ ಗುಳಿಗಳಲ್ಲಿ ಒಣ ಆಹಾರದ ಕಾಳು ಹಾಕಿಟ್ಟರೆ ಪಂಜದಿಂದ ಒಂದೊಂದೇ ಎತ್ತಿ ತಿನ್ನುತ್ತಾ ಬಹಳ ಹೊತ್ತು ಕಳೆಯುತ್ತದೆ. ಬುದ್ಧಿ ದಣಿದರೂ ಮೈ ನಿದ್ದೆಗೆ ಬರುತ್ತದೆ. ಹಗಲು ಪರದೆ ಸರಿಸಿಟ್ಟರೆ ಹೊಂಗೆ ಮರದ ಅಳಿಲು ನೋಡುತ್ತಾ ಕೂರುತ್ತದೆ, ಹಲ್ಲು ಕಟಕಟ ಅನಿಸುತ್ತದೆ. ಮಗಳು ಪಿಯುಸಿ ಓದನ್ನು ಪೂರ್ತಿ ನೆಲದ ಮೇಲೇ ಓದಿದಳು. ಅಕೌಂಟೆನ್ಸಿ ಪುಸ್ತಕದ ಮೇಲೆ ಮಲಗಿದ್ದ ಬೆಕ್ಕನ್ನು ಎಬ್ಬಿಸಬಾರದು ಅನ್ನುವ ನೆಪದಲ್ಲಿ ಓದು ಎಷ್ಟು ನಡೆಯಿತೋ ನನಗೆ ಗೊತ್ತಿಲ್ಲ.

ತಪಾಸಣೆಗೆ ಹೋದಾಗ ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಚೆನ್ನಾಗಿ ಕೂಡಿದೆ, ಅಂಗಿ ತೆಗೆಯಬಹುದು ಅಂದರು. ಬೋಳಿಸಿದ ಜಾಗದಲ್ಲಿ ಆಗಲೇ ತೆಳು ಕೂದಲು ಹುಟ್ಟಿತ್ತು. ಇನ್ನು ಮುಂದೆ ಹಸಿವು ಜಾಸ್ತಿಯಾಗುತ್ತದೆ, ಮೈಗೆ ಬೇಕಾಗುವ ಶಕ್ತಿ ಮಾತ್ರ ಕಡಿಮೆಯಾಗುತ್ತದೆ, ತೂಕ ನೋಡಿಕೊಳ್ಳಿ ಅಂದರು. ಬೆಳೆಯುವ ವಯಸ್ಸಾದ್ದರಿಂದ ಮರಿಗಳ ಆಹಾರವನ್ನೇ ಮುಂದುವರಿಸಬೇಕು, ಆದರೆ ಅಳೆದು. ಅತ್ತೆ ಈಗ ದಿನಾ ತಕ್ಕಡಿ ಮುಂದೆ ನನ್ನ ಜೊತೆ ವಾದ ಮಾಡುತ್ತಾರೆ.

ಸೈಟಿನ ಬೂದು ಬೆಕ್ಕಿನ ವಿಷಯವನ್ನೂ ಡಾಕ್ಟರ ಹತ್ತಿರ ಮಾತಾಡಿದೆ. ಬೀದಿ ಬೆಕ್ಕಿಗೆ ಅಂಗಿ ಕಟ್ಟಿ ಬಿಡುವ ಹಾಗಿಲ್ಲ, ದಿನಾ ಹಿಡಿದು ಹೊಟ್ಟೆ ನೋಡುವ ಹಾಗೂ ಇಲ್ಲ. ಅಂಥವಕ್ಕೆ ಪಕ್ಕೆಯ ಬದಿಯಿಂದ ಆಪರೇಷನ್ ಮಾಡುವುದುಂಟು, ಗಾಯ ದೂರದಿಂದಲೇ ಕಾಣುತ್ತದೆ. ಮತ್ತಿನಲ್ಲಿರುವಾಗಲೇ ಕಿವಿಯ ತುದಿ ಸ್ವಲ್ಪ ಕತ್ತರಿಸುತ್ತಾರೆ, ಇದಕ್ಕೆ ಆಗಿದೆ ಅಂತ ಗುರುತಿಗೆ. ಈಗಿನ ಮರಿಗಳು ಹಾಲು ಬಿಡಲಿ, ಬೋನು ನಾನೇ ಕೊಡಿಸುತ್ತೇನೆ ಅಂದಿದ್ದಾರೆ. "ಒಂದು ಸಲ ಮರಿ ಹಾಕ್ಲಿ" ಅಂದವರಿಗೆ ಹೇಳಿದ್ದೇನೆ, ಆ ಮರಿಗಳಲ್ಲಿ ಎರಡು ನಿಮ್ಮ ಮನೆಗೇ ಅಂತ. ಇಲ್ಲಿವರೆಗೆ ಯಾರೂ ಬಂದು ನೋಡಿಲ್ಲ.

ಹೊರಡುವಾಗ ಡಾಕ್ಟರು ಬಾಬಿನ್‌ನ ಅಂಗಿಯನ್ನು ತಿರುಗಿಸಿ ಮುರುಗಿಸಿ ನೋಡಿ, ಮೂರು ಅಳತೆಯಲ್ಲಿ ಕೆಲವು ಹೊಲಿದು ಕೊಡ್ತೀರಾ ಅಂತ ಕೇಳಿದರು. ಮಾಘ ಮಾಸದ ಮದುವೆ ಬ್ಲೌಸುಗಳು ಆಗಲೇ ಬಂದು ಕೂತಿವೆ. ಆದರೂ ಹ್ಞೂಂ ಅಂದಿದ್ದೇನೆ. ಕೂಲಿ ಬೇಡ, ಬಟ್ಟೆ ಮಾತ್ರ ನಮ್ಮ ಮನೆಯಲ್ಲಿ ಮುಗಿಯಿತು, ನಮ್ಮವರು ಉಳಿದ ಬನಿಯನ್‌ಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರೆ. ಈ ಕಡೆ ಇರುವವರು ಯಾರಾದರೂ ಹಳೇ ಬನಿಯನ್ ಕೊಡುವುದಿದ್ದರೆ ತಂದುಕೊಡಿ. ಕಾಟನ್ ಮಾತ್ರ, ಒಗೆದು.